ಮತದ ದಿನದ ಕೂಲಿ



ಚುನಾವಣೆ ಹತ್ತಿರವಾದಾಗ ಬಾನುಲಿಯ ವಾರ್ತೆಗಳಲ್ಲಿ ಒಂದು ವಾಕ್ಯ ತಪ್ಪದೆ ಕೇಳಿಬರುತ್ತದೆ: ‘ಮತದಾನದ ದಿನ ವೇತನಸಹಿತ ರಜೆ ಘೋಷಿಸಲಾಗಿದೆ.’ ಕಛೇರಿಗಳಲ್ಲಿಯೂ ಶಾಲೆಗಳಲ್ಲಿಯೂ ಬ್ಯಾಂಕುಗಳಲ್ಲಿಯೂ ದುಡಿಯುವ ನಾವು ಅದನ್ನು ಕೇಳಿ, ಪಂಚಾಂಗಕ್ಕೆ ಇನ್ನೊಂದು ಹಬ್ಬ ಸೇರಿತೆಂಬಂತೆ ಹಿಗ್ಗಿ, ಮುಂದಿನ ಸುದ್ದಿಗೆ ಕಿವಿಗೊಡುತ್ತೇವೆ. ಆ ವಾಕ್ಯ ಯಾರಿಗೆಲ್ಲ ಅನ್ವಯಿಸುತ್ತದೆ, ಅದರ ಹಿಂದಿರುವ ಕಾನೂನು ಯಾವುದು, ಅದು ಯಾರ ಬಾಗಿಲವರೆಗೆ ಬಂದು ನಿಲ್ಲುತ್ತದೆ ಎಂದು ವಿಚಾರಿಸುವುದು ಕಡಮೆ. ನಾನೂ ವಿಚಾರಿಸಿರಲಿಲ್ಲ. ಹಾಗೆ ವಿಚಾರಿಸದೆ ಇದ್ದುದಕ್ಕೆ ಒಂದು ಸಂಜೆ ನಾಚಿಕೆಪಡಬೇಕಾಯಿತು.

೨೦೨೩ನೆಯ ಇಸವಿ ಮೇ ೧೦, ಬುಧವಾರ. ನಮ್ಮ ರಾಜ್ಯದ ವಿಧಾನಸಭೆಗೆ ಮತದಾನ. ಉಪಾಧ್ಯಾಯರಿಗೆ ಚುನಾವಣೆಯ ಕೆಲಸ ಬರುವುದು ನಿಮಗೆ ತಿಳಿದದ್ದೇ. ನನ್ನ ಪಾಲಿಗೆ ಬಂದದ್ದು ಶಾಯಿ ಹಚ್ಚುವ ಮೇಜು. ಮತದಾರರ ಎಡಗೈ ತೋರುಬೆರಳಿಗೆ ಹಚ್ಚುವ ಆ ಅಳಿಸಲಾಗದ ಶಾಯಿ ನಮ್ಮ ಮೈಸೂರಿನಲ್ಲಿಯೇ ತಯಾರಾಗುವುದು. ೧೯೩೭ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಹುಟ್ಟಿದ ಬಣ್ಣದ ಕಾರ್ಖಾನೆ ೧೯೬೨ರ ಮಹಾಚುನಾವಣೆಯಿಂದ ಮೊದಲ್ಗೊಂಡು ಅದನ್ನು ದೇಶಕ್ಕೆಲ್ಲ ಒದಗಿಸುತ್ತಿದೆ. ಸಂಜೆ ಆರಕ್ಕೆ ಹತ್ತು ನಿಮಿಷವಿರುವಾಗ ಒಬ್ಬ ಯುವಕ ಏದುಸಿರು ಬಿಡುತ್ತ ಬಂದು ಸಾಲಿನ ಕೊನೆಯಲ್ಲಿ ನಿಂತ. ಅವನ ಸರದಿ ಬಂದಾಗ ಬೆರಳಿಗೆ ಶಾಯಿ ಹಿಡಿಯಲೊಲ್ಲದು, ಬೆರಳೆಲ್ಲ ಎಣ್ಣೆ. ಎಣ್ಣೆ ಇದ್ದರೆ ಬಟ್ಟೆಯಿಂದ ಒರಸಿ ಹಚ್ಚಬೇಕೆಂಬುದು ನಿಯಮ. ಒರಸುತ್ತ ಮುಖ ನೋಡಿದೆ. ನನ್ನ ಹಳೆಯ ವಿದ್ಯಾರ್ಥಿ. ಈಗ ಒಂದು ಕುರುಕು ತಿಂಡಿಯ ಅಂಗಡಿಯಲ್ಲಿ ಬಾಣಲೆಯ ಮುಂದೆ ನಿಲ್ಲುವವನು.

“ಇಷ್ಟು ಹೊತ್ತಾಯಿತೇನಪ್ಪ?” ಎಂದೆ.

“ಬೆಳಗ್ಗೆಯಿಂದ ಬಿಡಲೇ ಇಲ್ಲ ಮೇಷ್ಟ್ರೇ. ಹೋಗೋದಾದ್ರೆ ಅರ್ಧ ದಿನದ ಕೂಲಿ ಬಿಟ್ಟು ಹೋಗು ಅಂದ್ರು ಸಾಹುಕಾರ್ರು. ಅದೇನೋ ರಜ ಅಂತಾರಲ್ಲ, ಅದು ನಮ್ಮಂಥೋರಿಗೂ ಉಂಟಾ?”

ನಾನು ಉತ್ತರ ಹೇಳಲಿಲ್ಲ. ಮತಗಟ್ಟೆಯೊಳಗೆ ಮಾತು ಬೆಳೆಸಬಾರದೆಂಬುದು ನಿಜ; ಆದರೆ ಅದಕ್ಕಿಂತ ನಿಜವಾದದ್ದು, ನನಗೆ ಉತ್ತರ ತಿಳಿದಿರಲಿಲ್ಲ ಎಂಬುದು. ಪೌರನೀತಿಯ ಪಾಠದಲ್ಲಿ ಮತದಾನ ಪವಿತ್ರವಾದ ಕರ್ತವ್ಯವೆಂದು ಈ ಹುಡುಗನಿಗೆ ಬಾಯಿಪಾಠ ಮಾಡಿಸಿದವರಲ್ಲಿ ನಾನೂ ಒಬ್ಬ. ಆ ಕರ್ತವ್ಯಕ್ಕೆ ಅರ್ಧ ದಿನದ ಕೂಲಿ ತೆರಬೇಕಾಗಿ ಬಂದರೆ ಏನು ಮಾಡಬೇಕು ಎಂಬುದನ್ನು ಮಾತ್ರ ಹೇಳಿಕೊಟ್ಟಿರಲಿಲ್ಲ. ಆ ಬಳಿಕ ಹುಡುಕಿ ಓದಿ ತಿಳಿದುಕೊಂಡದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಮೊದಲು ಒಂದು ಮಾತಿನ ಅರ್ಥ. ‘ರಜ’ ಎಂಬುದು ಅರಬ್ಬಿ ಮೂಲದಿಂದ ಬಂದು ಕನ್ನಡದಲ್ಲಿ ಬೇರೂರಿದ ಶಬ್ದ. ಅದರ ಮೂಲಾರ್ಥ ಒಪ್ಪಿಗೆ, ಸಮ್ಮತಿ. ಅಂದರೆ ರಜ ಎಂಬುದು ಒಡೆಯನು ಮನಸ್ಸು ಬಂದರೆ ಕೊಡುವ ಅಪ್ಪಣೆ. ‘ಮತ’ ಎಂಬುದಾದರೋ ಸಂಸ್ಕೃತದ ಶಬ್ದ. ತಾನೇ ಆಲೋಚಿಸಿ ಕೊಂಡ ಅಭಿಪ್ರಾಯ ಎಂದರ್ಥ. ಒಬ್ಬನ ಸ್ವಂತ ಅಭಿಪ್ರಾಯ ಇನ್ನೊಬ್ಬನ ಅಪ್ಪಣೆಗೆ ಕಾದು ನಿಂತರೆ ಅದು ಎಷ್ಟರ ಅಭಿಪ್ರಾಯ? ನಮ್ಮ ಸಂವಿಧಾನದ ೩೨೬ನೆಯ ಅನುಚ್ಛೇದ ವಯಸ್ಕರೆಲ್ಲರಿಗೂ ಮತಾಧಿಕಾರ ಕೊಟ್ಟಿತು. ೨೧ ಇದ್ದ ವಯಸ್ಸಿನ ಮಿತಿ ೧೯೮೯ರಿಂದ ೧೮ಕ್ಕೆ ಇಳಿಯಿತು. ಆದರೆ ದೇವರು ವರ ಕೊಟ್ಟರೂ ಪೂಜಾರಿ ಬಿಡ ಎಂಬ ಗಾದೆಯಂತೆ, ಸಂವಿಧಾನ ಕೊಟ್ಟದ್ದನ್ನು ಅಂಗಡಿಯ ಗಲ್ಲಾಪೆಟ್ಟಿಗೆಯ ಬಳಿ ತಡೆಯುವುದು ಬಹುಕಾಲ ಸಾಧ್ಯವಿತ್ತು.

೧೯೫೧ರ ಪ್ರಜಾಪ್ರಾತಿನಿಧ್ಯ ಅಧಿನಿಯಮದಲ್ಲಿ ಮೊದಲಿಗೆ ಇದಕ್ಕೆ ಪರಿಹಾರವಿರಲಿಲ್ಲ. ಅದಾಗಿ ೪೫ ವರ್ಷಗಳ ಮೇಲೆ, ೧೯೯೬ರ ತಿದ್ದುಪಡಿಯಿಂದ, ೧೩೫ಬಿ ಎಂಬ ಪ್ರಕರಣ ಅದಕ್ಕೆ ಸೇರಿತು. ಸಂಖ್ಯೆಯನ್ನು ಗುರುತಿಟ್ಟುಕೊಳ್ಳಿರಿ, ಕೇಳುವವನಿಗೆ ಸಂಖ್ಯೆಯೇ ಬಲ. ಅದರ ನಾಲ್ಕು ಭಾಗಗಳ ತಾತ್ಪರ್ಯ ಹೀಗಿದೆ.

ಮೊದಲನೆಯದು: ಯಾವುದೇ ವ್ಯಾಪಾರ, ವಹಿವಾಟು, ಕೈಗಾರಿಕೆ ಅಥವಾ ಇತರ ಸಂಸ್ಥೆಯಲ್ಲಿ ಕೆಲಸದಲ್ಲಿದ್ದು, ಲೋಕಸಭೆಯ ಅಥವಾ ವಿಧಾನಸಭೆಯ ಚುನಾವಣೆಯಲ್ಲಿ ಮತ ಕೊಡುವ ಹಕ್ಕುಳ್ಳ ಪ್ರತಿಯೊಬ್ಬನಿಗೂ ಮತದಾನದ ದಿನ ರಜೆ ಕೊಡತಕ್ಕದ್ದು. ‘ಕೊಡಬಹುದು’ ಎಂದಿಲ್ಲ, ‘ಕೊಡತಕ್ಕದ್ದು’ ಎಂದಿದೆ. ವ್ಯಾಕರಣ ಬಲ್ಲವರಿಗೆ ಈ ಎರಡರ ಅಂತರ ತಿಳಿಯದ್ದಲ್ಲ. ಒಡೆಯನ ಸಮ್ಮತಿಯಾಗಿದ್ದ ರಜ ಇಲ್ಲಿ ದುಡಿಯುವವನ ಹಕ್ಕಾಯಿತು.

ಎರಡನೆಯದು: ಈ ರಜೆಗಾಗಿ ಸಂಬಳದಲ್ಲಿ ಬಿಡಿಗಾಸನ್ನೂ ಹಿಡಿಯಕೂಡದು. ಇಷ್ಟಕ್ಕೇ ನಿಂತಿದ್ದರೆ ತಿಂಗಳ ಸಂಬಳದವರಿಗೆ ಮಾತ್ರ ಉಪಕಾರವಾಗುತ್ತಿತ್ತು. ದಿನಗೂಲಿಯವನಿಗೆ ರಜೆ ಎಂದರೆ ಉಪವಾಸವೆಂದೇ ಅರ್ಥ. ಆದುದರಿಂದ ಕಾನೂನು ಇನ್ನೊಂದು ಹೆಜ್ಜೆ ಮುಂದಿಟ್ಟಿದೆ: ಕೆಲಸವಿಲ್ಲದ ದಿನ ಸಂಬಳವಿಲ್ಲ ಎಂಬ ಕರಾರಿನಲ್ಲಿ ದುಡಿಯುವವನಿಗೂ, ರಜೆ ಇಲ್ಲದಿದ್ದರೆ ಅಂದು ಎಷ್ಟು ಸಂಪಾದಿಸುತ್ತಿದ್ದನೋ ಅಷ್ಟನ್ನೂ ಕೊಡತಕ್ಕದ್ದು. ನನ್ನ ದೃಷ್ಟಿಯಲ್ಲಿ ಈ ಪ್ರಕರಣದ ಪ್ರಾಣವೆಲ್ಲ ಈ ಒಂದು ವಾಕ್ಯದಲ್ಲಿದೆ. ಎಣ್ಣೆಗೈಯ ಆ ಹುಡುಗನ ಪ್ರಶ್ನೆಗೆ ಉತ್ತರ ಇದೇ: ಉಂಟಪ್ಪ, ನಿನಗೂ ಉಂಟು, ಅರ್ಧ ದಿನದ್ದಲ್ಲ, ಇಡೀ ದಿನದ್ದು.

ಮೂರನೆಯದು ದಂಡ. ಈ ನಿಯಮವನ್ನು ಮೀರಿದ ಮಾಲೀಕನಿಗೆ ೫೦೦ ರೂಪಾಯಿಗಳವರೆಗೆ ದಂಡ ವಿಧಿಸಬಹುದು. ಈ ಮೊತ್ತ ೧೯೯೬ರಲ್ಲಿ ಹೇಗೆ ಕಾಣುತ್ತಿತ್ತೋ, ಇಂದು ಒಬ್ಬ ಗಾರೆ ಕೆಲಸದವನ ಒಂದು ದಿನದ ಕೂಲಿಗೂ ಅದು ಸಾಲದು. ದಂಡಕ್ಕೆ ಹೆದರಿ ನಡೆಯಲಿ ಎಂದಲ್ಲ, ತಿಳಿದು ನಡೆಯಲಿ ಎಂದೇ ಕಾನೂನು ನಂಬಿದಂತಿದೆ.

ನಾಲ್ಕನೆಯದು ವಿನಾಯಿತಿ. ಯಾರ ಗೈರುಹಾಜರಿಯಿಂದ ಆ ಕೆಲಸದಲ್ಲಿ ಅಪಾಯವೋ ಗಣನೀಯವಾದ ನಷ್ಟವೋ ಉಂಟಾಗಬಹುದೋ ಅವರಿಗೆ ಈ ರಜೆ ಅನ್ವಯಿಸದು. ಆಸ್ಪತ್ರೆಯ ದಾದಿ, ವಿದ್ಯುತ್ ಕೇಂದ್ರದ ನೌಕರ, ಆರದೆ ಉರಿಯಬೇಕಾದ ಕುಲುಮೆಯ ಕಾವಲಿನವನು, ಇಂಥವರನ್ನು ನೆನೆದುಕೊಳ್ಳಿರಿ. ಒಂದು ದಿನದ ಬೋಂಡ ಮಾರಾಟ ತಪ್ಪಿತೆಂಬುದನ್ನೂ ಇದರೊಳಕ್ಕೆ ತುರುಕಹೊರಟರೆ ಇಡೀ ಪ್ರಕರಣವೇ ನಿರರ್ಥಕವಾದೀತು. ವಿನಾಯಿತಿಗೆ ಸೇರಿದವರನ್ನೂ ಸರದಿಯ ಮೇಲೆ ಒಂದೆರಡು ಗಂಟೆ ಬಿಟ್ಟು ಕಳುಹಿಸುವುದು ವಿವೇಕಿಯಾದ ಯಜಮಾನನಿಗೆ ಕಷ್ಟವಲ್ಲ.

ಇನ್ನು ಕೆಲವು ಸಂದೇಹಗಳು. ‘ಬೆರಳಿನ ಶಾಯಿ ತೋರಿಸಿದರೆ ಮಾತ್ರ ಕೂಲಿ’ ಎನ್ನುವ ಯಜಮಾನರುಂಟು. ಕಾನೂನು ರಜೆಯನ್ನು ಕೊಟ್ಟಿರುವುದು ಮತ ಕೊಡುವ ಹಕ್ಕುಳ್ಳವನಿಗೆ. ಅದು ಶಾಯಿಯ ಗುರುತನ್ನು ಕೇಳುವುದಿಲ್ಲ. ಆದರೆ ರಜೆ ಪಡೆದು ಮತಗಟ್ಟೆಯ ಕಡೆ ತಲೆಹಾಕದವನು ಕಾನೂನಿಗೆ ಅಲ್ಲದಿದ್ದರೂ ತನ್ನ ಮನಸ್ಸಿಗೆ ಉತ್ತರ ಹೇಳಬೇಕು. ೨೦೨೩ರ ಆ ಚುನಾವಣೆಯಲ್ಲಿ ರಾಜ್ಯದಲ್ಲೆಲ್ಲ ನೂರಕ್ಕೆ ೭೩ಕ್ಕೂ ಹೆಚ್ಚು ಮಂದಿ ಮತ ಕೊಟ್ಟರೆ, ರಜೆಗೆ ಕೊರತೆಯಿಲ್ಲದ ಬೆಂಗಳೂರು ನಗರದಲ್ಲಿ ಅದು ೫೫ರ ಆಸುಪಾಸಿನಲ್ಲಿ ನಿಂತಿತು. ಬಿಡುವಿಲ್ಲದವನು ಕೂಲಿ ಬಿಟ್ಟು ಓಡಿಬರುತ್ತಾನೆ. ಬಿಡುವಿದ್ದವನು ಮನೆಯಲ್ಲಿಯೇ ಉಳಿಯುತ್ತಾನೆ!

ಇನ್ನೊಂದು ಸಂದೇಹ: ಕೆಲಸ ಒಂದು ಊರಿನಲ್ಲಿ, ಮತ ಇನ್ನೊಂದು ಊರಿನಲ್ಲಿ ಇದ್ದರೆ? ೨೦೨೪ರ ಲೋಕಸಭಾ ಚುನಾವಣೆಯಲ್ಲಿ ಬೆಂಗಳೂರಿನಲ್ಲಿ ಮತದಾನವಾದದ್ದು ಏಪ್ರಿಲ್ ೨೬ರಂದು; ರಾಯಚೂರಿನಲ್ಲಿ ಮೇ ೭ರಂದು. ರಾಯಚೂರಿನ ಪಟ್ಟಿಯಲ್ಲಿ ಹೆಸರಿದ್ದು ಬೆಂಗಳೂರಿನಲ್ಲಿ ಕಟ್ಟಡ ಕಟ್ಟುವವನಿಗೆ ಯಾವ ದಿನದ ರಜೆ? ಕ್ಷೇತ್ರದ ಹೊರಗೆ ಕೆಲಸಮಾಡುವ ಮತದಾರರಿಗೂ ಅವರವರ ಕ್ಷೇತ್ರದ ಮತದಾನದ ದಿನ ಈ ಸೌಲಭ್ಯ ಉಂಟೆಂದು ಚುನಾವಣಾ ಆಯೋಗ ಸ್ಪಷ್ಟಪಡಿಸಿದೆ. ಅವನಿಗೆ ಮೇ ೭ರ ಕೂಲಿ ಸಲ್ಲತಕ್ಕದ್ದು. ಆದರೆ ಹೋಗಿಬರುವ ಹಾದಿಯ ದಿನಗಳಿಗೂ ಬಸ್ಸಿನ ಚೀಟಿಗೂ ಈ ಪ್ರಕರಣದಲ್ಲಿ ದಾರಿಯಿಲ್ಲ. ಪಂಚಾಯಿತಿ, ನಗರಸಭೆಗಳ ಚುನಾವಣೆಯೂ ಇದರ ವ್ಯಾಪ್ತಿಗೆ ಬರುವುದಿಲ್ಲ. ಅವಕ್ಕೆ ರಾಜ್ಯ ಸರ್ಕಾರದ ಆದೇಶಗಳನ್ನು ನೋಡಬೇಕು.

ಮತಗಟ್ಟೆಗೆ ಹೋಗಲಾರದ ಕೆಲವರಿಗೆ ಬೇರೆ ಏರ್ಪಾಡುಗಳಿವೆ. ಚುನಾವಣೆಯ ಕೆಲಸಕ್ಕೆ ನೇಮಕವಾದ ನನ್ನಂಥವರಿಗೆ ಅಂಚೆಯ ಮತಪತ್ರ ಅಥವಾ ಕರ್ತವ್ಯದ ಪ್ರಮಾಣಪತ್ರ ದೊರೆಯುತ್ತದೆ. ಆಯೋಗವು ಗುರುತಿಸಿದ ಅತ್ಯಗತ್ಯ ಸೇವೆಗಳವರೂ, ೨೦೨೪ರಿಂದ ೮೫ ವರ್ಷ ಮೀರಿದ ವೃದ್ಧರೂ, ನೂರಕ್ಕೆ ೪೦ಕ್ಕೆ ಕಡಮೆಯಿಲ್ಲದ ಅಂಗವೈಕಲ್ಯವುಳ್ಳವರೂ ಮುಂಚಿತವಾಗಿ ೧೨ಡಿ ನಮೂನೆಯಲ್ಲಿ ಅರ್ಜಿ ಕೊಟ್ಟು ಅಂಚೆಯ ಮತಪತ್ರ ಪಡೆಯಬಹುದು.

ಇಡೀ ದಿನದ ರಜೆಯನ್ನು ಸಂಬಳದೊಡನೆ ಕೊಡುವ ಈ ಪದ್ಧತಿ ಎಲ್ಲ ದೇಶಗಳಲ್ಲಿಯೂ ಇಲ್ಲ. ಈಗ ನಮ್ಮ ಊರುಗಳ ಎಷ್ಟೋ ಮನೆಗಳ ಮಕ್ಕಳು ಅಮೆರಿಕೆಯಲ್ಲಿ ನೆಲಸಿ ಅಲ್ಲಿಯ ಪೌರರಾಗಿದ್ದಾರೆ. ಅವರ ಅನುಭವ ಬೇರೆ. ಅಲ್ಲಿ ಅಧ್ಯಕ್ಷರ ಚುನಾವಣೆ ೧೮೪೫ರ ಕಾನೂನಿನಂತೆ ನವೆಂಬರ್ ತಿಂಗಳ ಮೊದಲ ಸೋಮವಾರದ ಮರುದಿನ, ಮಂಗಳವಾರ, ನಡೆಯುತ್ತದೆ. ಅದು ಕೆಲಸದ ದಿನ. ಆ ದಿನ ಬಿಡುವು ಕೊಡಲೇಬೇಕೆಂದು ಇಡೀ ದೇಶಕ್ಕೆ ಅನ್ವಯಿಸುವ ಕಾನೂನು ಖಾಸಗಿ ಕೆಲಸದವರಿಗೆ ಇಲ್ಲ. ಆಯಾ ರಾಜ್ಯದ ನಿಯಮವೇ ಗತಿ. ಕ್ಯಾಲಿಫೋರ್ನಿಯದಲ್ಲಿ, ಕೆಲಸದ ವೇಳೆಯ ಹೊರಗೆ ಸಾಕಷ್ಟು ಸಮಯ ಸಿಗದವನಿಗೆ ಹೆಚ್ಚೆಂದರೆ ಎರಡು ಗಂಟೆಗಳ ಬಿಡುವು ಸಂಬಳ ಕಡಿತವಿಲ್ಲದೆ ದೊರೆಯುತ್ತದೆ. ಮಿಸೌರಿ ರಾಜ್ಯದಲ್ಲಿ ದೀಪದ ಸಾಮಾನು ತಯಾರಿಸುವ ಒಂದು ಕಾರ್ಖಾನೆ ನೌಕರನನ್ನು ಮತಕ್ಕಾಗಿ ಬೇಗ ಬಿಟ್ಟು, ಒಂದೂವರೆ ಗಂಟೆಯ ಕೂಲಿಯನ್ನು ಹಿಡಿಯಿತು. ಅಷ್ಟರ ವ್ಯಾಜ್ಯ ಆ ದೇಶದ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ನಮ್ಮಲ್ಲಿ ಮೊದಲ ಮಹಾಚುನಾವಣೆ ಮುಗಿದ ೧೯೫೨ರಲ್ಲಿಯೇ ಅಲ್ಲಿ ತೀರ್ಪು ಬಂತು: ಮತದ ಹೊತ್ತಿಗೆ ಕೂಲಿ ಹಿಡಿಯಬಾರದೆಂದು ಕಾನೂನು ಮಾಡುವ ಅಧಿಕಾರ ರಾಜ್ಯಕ್ಕೆ ಉಂಟು, ಎಂದು. ಒಂದೂವರೆ ಗಂಟೆಯ ಕೂಲಿ ಸಣ್ಣದಿರಬಹುದು. ಅದರ ಹಿಂದಿನ ಪ್ರಶ್ನೆ ಸಣ್ಣದಲ್ಲ.

ಅಲ್ಲಿಯ ಪೌರನಿಗೆ ನಮ್ಮಲ್ಲಿಲ್ಲದ ಇನ್ನೊಂದು ಕರೆಯೂ ಬರುತ್ತದೆ. ಅದು ಜ್ಯೂರಿಯ ಕರೆ. ಪ್ರಮಾಣ ಮಾಡುವುದು ಎಂಬರ್ಥದ ಲ್ಯಾಟಿನ್ ಧಾತುವಿನಿಂದ ಹುಟ್ಟಿದ ಶಬ್ದವದು. ವಕೀಲಿಕೆ ಓದದ ಸಾಮಾನ್ಯ ಪೌರರು ಕೆಲವರು ಪ್ರಮಾಣ ಸ್ವೀಕರಿಸಿ ಕುಳಿತು, ಸಾಕ್ಷ್ಯ ಕೇಳಿ, ಆಪಾದಿತನು ತಪ್ಪಿತಸ್ಥನೇ ಅಲ್ಲವೇ ಎಂದು ಹೇಳಬೇಕು. ನ್ಯಾಯಾಲಯದಿಂದ ಓಲೆ ಬಂದರೆ ಅಲಕ್ಷ್ಯ ಮಾಡುವಂತಿಲ್ಲ, ಅಲಕ್ಷ್ಯಕ್ಕೆ ಶಿಕ್ಷೆಯುಂಟು. ಮತಕ್ಕೆ ಒಂದೆರಡು ಗಂಟೆ ಸಾಕು; ಜ್ಯೂರಿಗೆ ಹೋದವನು ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಕೂರಬೇಕಾದೀತು. ಅಷ್ಟು ಕಾಲ ಕೆಲಸದ ಗತಿಯೇನು? ಅಲ್ಲಿಯ ಕೇಂದ್ರ ನ್ಯಾಯಾಲಯಗಳ ಜ್ಯೂರಿಗೆ ಹೋದ ಕಾಯಂ ನೌಕರನನ್ನು ಅದೇ ಕಾರಣಕ್ಕೆ ಕೆಲಸದಿಂದ ತೆಗೆಯುವುದನ್ನೂ ಬೆದರಿಸುವುದನ್ನೂ ೧೯೭೮ರ ಕಾನೂನು ನಿಷೇಧಿಸಿದೆ. ಆದರೆ ಸಂಬಳ ಕೊಡಲೇಬೇಕೆಂದು ಅದು ಖಾಸಗಿ ಮಾಲೀಕನಿಗೆ ಹೇಳಿಲ್ಲ. ನ್ಯಾಯಾಲಯವೇ ದಿನಕ್ಕೆ ೫೦ ಡಾಲರುಗಳ ಭತ್ಯೆ ಕೊಡುತ್ತದೆ. ಮ್ಯಾಸಚೂಸೆಟ್ಸ್ ರಾಜ್ಯದ ನ್ಯಾಯಾಲಯಗಳ ಪದ್ಧತಿ ಇನ್ನೂ ಅಚ್ಚುಕಟ್ಟು: ಮೊದಲ ಮೂರು ದಿನದ ಸಂಬಳ ಮಾಲೀಕನದು, ಆಮೇಲಿನ ಭತ್ಯೆ ರಾಜ್ಯದ್ದು. ನಿಮ್ಮ ಮಗನೋ ಮಗಳೋ ಅಲ್ಲಿಯ ಪೌರರಾಗಿದ್ದು ಇಂಥ ಓಲೆ ಬಂದಿತೆಂದು ಗಾಬರಿಯಾದರೆ ಹೇಳಿರಿ: ಓಲೆಯನ್ನು ಕೂಡಲೇ ಕಛೇರಿಗೆ ತೋರಿಸಲಿ, ಅನಾನುಕೂಲವಿದ್ದರೆ ದಿನವನ್ನು ಮುಂದಕ್ಕೆ ಹಾಕುವಂತೆ ನ್ಯಾಯಾಲಯವನ್ನೇ ಕೇಳಲಿ.

ಜ್ಯೂರಿ ನಮ್ಮ ದೇಶಕ್ಕೆ ಪೂರ್ತಿ ಅಪರಿಚಿತವೇನಲ್ಲ. ಬ್ರಿಟಿಷರ ಕಾಲದಲ್ಲಿ ಬಂದ ಅದು ಸ್ವಾತಂತ್ರ್ಯದ ಮೇಲೂ ಕೆಲಕಾಲ ಉಳಿದಿತ್ತು. ಭಾರತದ ಕಾನೂನು ಆಯೋಗ ೧೯೫೮ರಲ್ಲಿಯೇ ಅದನ್ನು ಕೈಬಿಡಬೇಕೆಂದು ಹೇಳಿತು. ೧೯೫೯ರಲ್ಲಿ ಮುಂಬಯಿಯಲ್ಲಿ ನಡೆದ ನಾನಾವತಿ ಮೊಕದ್ದಮೆಯಲ್ಲಿ ಒಂಬತ್ತು ಜನರ ಜ್ಯೂರಿಯಲ್ಲಿ ಎಂಟು ಮಂದಿ ನಿರಪರಾಧಿ ಎಂದರು. ನ್ಯಾಯಾಧೀಶರು ಅದನ್ನು ಒಪ್ಪದೆ ಉಚ್ಚ ನ್ಯಾಯಾಲಯಕ್ಕೆ ಒಪ್ಪಿಸಿದರು. ಅಲ್ಲಿ ಶಿಕ್ಷೆಯಾಯಿತು, ೧೯೬೧ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ೧೯೭೪ರ ಏಪ್ರಿಲ್ ೧ರಿಂದ ಜಾರಿಗೆ ಬಂದ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಜ್ಯೂರಿಗೆ ಸ್ಥಾನ ಉಳಿಯಲಿಲ್ಲ. ೨೦೨೪ರ ಜುಲೈ ೧ರಿಂದ ಬಂದಿರುವ ಹೊಸ ಸಂಹಿತೆಯಲ್ಲಿಯೂ ಇಲ್ಲ. ಪಾರಸಿಯರ ವಿವಾಹ ವ್ಯಾಜ್ಯಗಳಲ್ಲಿ ಆ ಸಮಾಜದ ಪ್ರತಿನಿಧಿಗಳು ನ್ಯಾಯಾಧೀಶರ ಜೊತೆ ಕುಳಿತುಕೊಳ್ಳುವುದು ಮಾತ್ರ ಅದರ ನೆರಳಿನಂತೆ ಉಳಿದಿದೆ.

ಹೀಗೆ ನಮ್ಮ ದೇಶ ತನ್ನ ಸಾಮಾನ್ಯ ಪೌರನ ಅಭಿಪ್ರಾಯವನ್ನು ಸಾಲಿನಲ್ಲಿ ನಿಲ್ಲಿಸಿ ಕೇಳುವುದು ಮತದಾನದಲ್ಲಿ ಮಾತ್ರ. ವಿಧಾನಸಭೆಗೂ ಲೋಕಸಭೆಗೂ ಸಾಮಾನ್ಯವಾಗಿ ಐದು ವರ್ಷಕ್ಕೆ ಒಂದೊಂದು ಸಲ. ಅಷ್ಟು ಅಪರೂಪವಾದ ದಿನದ ಕೂಲಿಯನ್ನು ಯಾರು ಹೊರಬೇಕು? ಬಡವನೇ ಹೊರಲಿ ಎಂದರೆ, ಉಳ್ಳವನ ಮತ ಪುಕ್ಕಟೆ, ಇಲ್ಲದವನ ಮತಕ್ಕೆ ತೆರಿಗೆ ಎಂದಂತಾಯಿತು. ಆದುದರಿಂದಲೇ ಕಾನೂನು ಆ ಭಾರವನ್ನು ಕೆಲಸ ಕೊಟ್ಟವನ ಹೆಗಲಿಗೆ ಏರಿಸಿತು.

ಇದನ್ನು ಆಚರಣೆಗೆ ತರುವ ಬಗೆ ಹೇಗೆ? ದುಡಿಯುವವನು ಮತದಾರರ ಪಟ್ಟಿಯಲ್ಲಿ ತನ್ನ ಹೆಸರಿದೆಯೇ ಎಂದು ಮೊದಲೇ ನೋಡಿಕೊಳ್ಳಲಿ. ಮತದಾನಕ್ಕೆ ನಾಲ್ಕು ದಿನ ಮುಂಚೆಯೇ ಯಜಮಾನರಿಗೆ ವಿನಯದಿಂದ ತಿಳಿಸಲಿ. ಅಗತ್ಯವಾದರೆ ೧೩೫ಬಿ ಎಂಬ ಸಂಖ್ಯೆಯನ್ನೂ ಹೇಳಲಿ. ಕೇಳದೆ ಹೋದರೆ ಜಿಲ್ಲಾ ಚುನಾವಣಾಧಿಕಾರಿಯಾದ ಜಿಲ್ಲಾಧಿಕಾರಿಗಳ ಕಛೇರಿಗೋ, ಕಾರ್ಮಿಕ ಇಲಾಖೆಗೋ ದೂರು ಕೊಡಬಹುದು. ೧೯೫೦ ಎಂಬ ಸಂಖ್ಯೆಗೆ ದೂರವಾಣಿ ಮಾಡಿ ವಿಚಾರಿಸಬಹುದು. ಆದರೆ ನಾಳೆಯೂ ಅದೇ ಬಾಣಲೆಯ ಮುಂದೆ ನಿಲ್ಲಬೇಕಾದವನು ದೂರು ಕೊಡಲು ಹೆದರುತ್ತಾನೆಂಬುದು ನಿಮಗೂ ಗೊತ್ತು, ನನಗೂ ಗೊತ್ತು. ಅದಕ್ಕಾಗಿಯೇ ಈ ಮಾತನ್ನು ಬಾನುಲಿ ಇರುವ ಮನೆಗಳವರಿಗೆ ಹೇಳುತ್ತಿದ್ದೇನೆ. ನಮ್ಮಲ್ಲಿ ಎಷ್ಟೋ ಮಂದಿ ಅಂಗಡಿ, ಗಿರಣಿ, ಹೋಟೆಲು ಇಟ್ಟವರು. ಇಲ್ಲವೆ ಇಟ್ಟವರ ನೆಂಟರು, ನೆರೆಯವರು. ಬೀದಿಯ ತಿಂಡಿ ಅಂಗಡಿಯವರು ‘ಏನು ಮೇಷ್ಟ್ರೇ’ ಎಂದು ಮಾತನಾಡಿಸಿದಾಗ, ‘ಹುಡುಗರಿಗೆ ಅಂದು ರಜ ಕೊಡ್ತೀರಷ್ಟೆ?’ ಎಂದು ಒಂದು ಮಾತು ಕೇಳಿದರೆ ಐನೂರು ರೂಪಾಯಿ ದಂಡಕ್ಕಿಂತ ಅದು ಹೆಚ್ಚು ಕೆಲಸ ಮಾಡುತ್ತದೆ. ನಾನು ಕೇಳಿ ನೋಡಿದ್ದೇನೆ.

ಕಡೆಯದಾಗಿ ನಮ್ಮ ಅಡಿಗೆಮನೆಯ ಮಾತು. ಕಾನೂನು ವ್ಯಾಪಾರ, ವಹಿವಾಟು, ಕೈಗಾರಿಕೆ, ಸಂಸ್ಥೆ ಎಂದು ಹೆಸರಿಸುತ್ತದೆ. ಮನೆ ಎಂದು ಹೆಸರಿಸುವುದಿಲ್ಲ. ೨೦೨೩ರ ಆ ರಾತ್ರಿ ನಾನು ಮನೆಗೆ ಬಂದು ಹುಡುಗನ ಸಂಗತಿಯನ್ನು ಹೇಳಿ, ಆ ಸಾಹುಕಾರರನ್ನು ಸಾಕಷ್ಟು ನಿಂದಿಸಿದೆ. ನನ್ನ ಹೆಂಡತಿ ಕೇಳಿ ಮುಗಿದ ಮೇಲೆ, “ನಮ್ಮ ಪಾತ್ರೆ ತೊಳೆಯೋಳು ಬೆಳಗ್ಗೆ, ಸಂಜೆ ಎರಡು ಹೊತ್ತೂ ಬಂದು ಹೋದಳು. ಅವಳ ಮತ ಇರೋದು ಹಳ್ಳೀಲಿ. ಹೋಗು ಅಂತ ನೀವೂ ಹೇಳಲಿಲ್ಲ, ನಾನೂ ಹೇಳಲಿಲ್ಲ” ಎಂದಳು. ಹೇಳುವುದು ಪುರಾಣ, ತಿನ್ನುವುದು ಬದನೆಕಾಯಿ ಎಂಬುದು ನನಗೇ ತಗಲಿತು.

೨೦೨೪ರ ಚುನಾವಣೆಯ ಹಿಂದಿನ ದಿನ ಆಕೆಗೆ ನಾವಾಗಿಯೇ ಹೇಳಿದೆವು: ನಾಳೆ ಬರಬೇಡ, ಊರಿಗೆ ಹೋಗಿ ಮತ ಹಾಕಿ ಬಾ, ಸಂಬಳ ಹಿಡಿಯುವುದಿಲ್ಲ, ಎಂದು. ಮರುದಿನ ಪಾತ್ರೆಗಳನ್ನು ನಾನೇ ತೊಳೆದೆ. ಅದರ ಮರುದಿನ ಆಕೆ ಬಂದು, ಸೀಗೆಪುಡಿ ಹಿಡಿದ ಕೈಯನ್ನು ಎತ್ತಿ, ಬೆರಳನ್ನು ನನ್ನ ಹೆಂಡತಿಗೆ ತೋರಿಸಿದಳು. ಪಾತ್ರೆ ತೊಳೆಯುವ ಕೈಯಲ್ಲಿಯೂ ನಮ್ಮ ಮೈಸೂರಿನ ಶಾಯಿ ಅಳಿಸಿರಲಿಲ್ಲ.

ಮುಂದಿನ ಸಲ ಬಾನುಲಿಯಲ್ಲಿ ಆ ವಾಕ್ಯ ಕೇಳಿಬಂದಾಗ, ವಾಚಕರೆ, ನಮಗೆ ರಜ ಸಿಕ್ಕಿತೆಂದು ಹಿಗ್ಗುವುದರ ಜೊತೆಗೆ, ನಮ್ಮಿಂದ ಯಾರಿಗೆ ರಜ ಸಲ್ಲಬೇಕೆಂಬುದನ್ನೂ ಒಂದು ಗಳಿಗೆ ನೆನೆಯಿರಿ.